ಎಣ್ಣೆಯಲ್ಲಿ ಕಲಸಿದ ಪುಡಿ

ಪುಟ್ಟಗಂಗಮ್ಮ ಮೊದಲ ಸಲ ದನದ ಆಸ್ಪತ್ರೆಗೆ ಬಂದಾಗ ಅವಳ ಎಡಗೈಯಲ್ಲಿ ನಾಯಿಯ ಹಗ್ಗವಿತ್ತು. ಬಲಗೈಯಲ್ಲಿ ಮಡಿಸಿದ ಮುತ್ತುಗದ ಎಲೆ. ಎಲೆಯನ್ನು ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಹನ್ನೊಂದು ಉಣುಗುಗಳಿದ್ದವು. ನಾಯಿಯ ರಕ್ತ ಕುಡಿದು ಹರಳುಬೀಜದಂತೆ ಊದಿದ್ದವು.

“ಒಂದೇ ಕಿವೀಲಿ ಇಷ್ಟು ಸಿಕ್ಕವೆ, ಡಾಕ್ಟ್ರೇ.”

ಸಣ್ಣತಿಮ್ಮಯ್ಯ ತಾನು ಡಾಕ್ಟರಲ್ಲ, ಕಾಂಪೌಂಡರ್ ಎಂದು ತಿದ್ದಿದ. ಯಾರು ತಪ್ಪು ಹೇಳಿದರೂ ತಿದ್ದುವುದು ಅವನ ಅಭ್ಯಾಸ.

“ಆ ಯತ್ಯಾಸ ನಾಯಿಗೆ ಗೊತ್ತಾಯ್ತದೇನ್ರೀ?”

ಅವಳು ನಗಲಿಲ್ಲ. ಕೆಳತುಟಿಯ ಒಂದು ತುದಿ ಮಾತ್ರ ಒಳಕ್ಕೆ ಸರಿದು, ಬರುತ್ತಿದ್ದ ನಗೆಯನ್ನು ಅಲ್ಲೇ ಕಟ್ಟಿಹಾಕಿತು. ಸಣ್ಣತಿಮ್ಮಯ್ಯ ಆ ತುದಿಯನ್ನು ನೋಡಿದ. ನೋಡಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚು ನೋಡಿದ.

ಅದು ಸಾವಿರದ ಒಂಬೈನೂರ ಎಪ್ಪತ್ತೇಳನೆಯ ಇಸವಿ. ಮಾಯಸಂದ್ರದ ಆಚೆಗೆ, ತೆಂಗಿನ ತೋಟಗಳ ನಡುವಿನ ಊರು. ಆಸ್ಪತ್ರೆಯೆಂದರೆ ಎರಡು ಅಂಕಣದ ಹೆಂಚಿನ ಕಟ್ಟಡ. ಡಾಕ್ಟರು ವಾರಕ್ಕೆ ಎರಡು ದಿನ ಬರುವರು. ಉಳಿದ ದಿನಗಳಿಗೆ ಸಣ್ಣತಿಮ್ಮಯ್ಯನೇ. ಅವನಿಗೆ ಮೂವತ್ತೆರಡು ವರ್ಷ. ಮದುವೆಯಾಗಿರಲಿಲ್ಲ.

ಆ ದಿನ ಅವನು ಮಾಡಿದ್ದೆಲ್ಲವೂ ಸರಿಯಾಗಿತ್ತು. ಚಿಮುಟದಿಂದ ಉಣುಗುವಿನ ಬಾಯನ್ನೇ ಹಿಡಿದು, ತಿರುಚದೆ ನೇರ ಎಳೆದು ತೆಗೆದ. ನಾಯಿಗೆಂದೇ ತಯಾರಾದ ಪುಡಿಯನ್ನು ಕೂದಲಿಗೆ ಎದುರಾಗಿ ಉದುರಿಸಿದ. ನೆಕ್ಕದಂತೆ ಬಾಯಿಗೆ ಬಟ್ಟೆ ಕಟ್ಟಿ, ಇಂತಿಷ್ಟು ಹೊತ್ತಿನ ಮೇಲೆ ಸೋಪು ಹಾಕಿ ತೊಳೆಯಬೇಕೆಂದು ಎರಡು ಸಲ ಹೇಳಿದ. ನಾಯಿಯ ಹೆಸರು ಕೆಂಚ.

ಆಮೇಲೆ ಅವಳು ಬುಧವಾರಗಳಂದು ಬರತೊಡಗಿದಳು. ಒಂದು ಬುಧವಾರ ಕುಂಟುವ ಮೇಕೆ, ಇನ್ನೊಂದು ಬುಧವಾರ ಮೇವು ಬಿಟ್ಟ ಕರು. ಒಮ್ಮೆ ಯಾವ ಪ್ರಾಣಿಯೂ ಇಲ್ಲದೆ ಬಂದಳು. ಕಾರಣ ಕೇಳಿದರೆ, ಈ ದಿನ ಎಲ್ಲವೂ ಚೆನ್ನಾಗಿವೆಯೆಂದು ತಿಳಿಸಿ ಹೋಗಲು ಬಂದೆನೆಂದಳು. ಸಣ್ಣತಿಮ್ಮಯ್ಯ ಬುಧವಾರಗಳಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡ.

ಅವಳು ವಿಧವೆ. ಗಂಡ ಲಕ್ಕಯ್ಯ ಮೂರು ವರ್ಷದ ಹಿಂದೆ ತೆಂಗಿನ ಮರದಿಂದ ಬಿದ್ದು ಸತ್ತಿದ್ದ. ಸುಳಿ ಕೊರೆಯುವ ದುಂಬಿಗೆಂದು ಬಿ.ಎಚ್.ಸಿ. ಎಂಬ ವಿಷದ ಪುಡಿಯನ್ನು ಮರಳಿನಲ್ಲಿ ಬೆರೆಸಿ, ಗರಿಯ ಬುಡಕ್ಕೆ ಹಾಕಲು ಹತ್ತಿದವನು. ಅತ್ತೆ ಹುಚ್ಚಕ್ಕ ಅಂದಿನಿಂದ ಸೊಸೆಯ ಕೈಗುಣವನ್ನು ಬೈಯುತ್ತಲೇ ಬಂದಿದ್ದಳು. ಇವಳು ಬುತ್ತಿ ಕಟ್ಟಿಕೊಟ್ಟ ಕೈಯಿಂದಲೇ ಮಗ ಹೋದನೆಂಬುದು ಅವಳ ಮಾತು. ಬೈಗುಳ ಮೂರು ವರ್ಷ ಕಿವಿಗೆ ಬಿದ್ದರೆ ಅದು ಕಿವಿಯಲ್ಲಿ ನಿಲ್ಲುವುದಿಲ್ಲ; ಒಳಗಿಳಿಯುತ್ತದೆ.

ಅವರ ಜನದಲ್ಲಿ ವಿಧವೆಗೆ ಕೂಡಿಕೆಯ ಪದ್ಧತಿಯಿತ್ತು. ಓಲಗವಿಲ್ಲ, ಚಪ್ಪರವಿಲ್ಲ, ನಾಲ್ಕು ಜನ ಹಿರಿಯರ ಮುಂದೆ ಸೀರೆ ಉಡಿಸಿದರೆ ಮುಗಿಯಿತು. ಎಪ್ಪತ್ತೆಂಟರ ಸಂಕ್ರಾಂತಿ ಕಳೆದ ಮೇಲೆ ಸಣ್ಣತಿಮ್ಮಯ್ಯ ಅವಳನ್ನು ಕೇಳಿದ. ಅವಳು ಬಹಳ ಹೊತ್ತು ನಾಯಿಯ ಬೆನ್ನು ನೇವರಿಸಿದಳು.

“ನನ್ ಕೈ ಸೋಕಿದ್ದು ಉಳಿಯಾಕಿಲ್ಲ ಕಣ್ರೀ. ಈ ಕೆಂಚ ಒಂದು ಹೆಂಗೋ ಉಳ್ಕಂಡದೆ. ನೀವು ಚೆನ್ನಾಗಿರಿ.”

ಅವನು ಒತ್ತಾಯಿಸಲಿಲ್ಲ. ಅವಳೂ ಬುಧವಾರಗಳನ್ನು ತಪ್ಪಿಸಲಿಲ್ಲ.

ಬೇಸಗೆಯಲ್ಲಿ ಉಣುಗು ಮತ್ತೆ ಹತ್ತಿತು. ಚಿಗಟವೂ ಸೇರಿ ಕೆಂಚ ಕೆರೆದು ಕೆರೆದು ಪಕ್ಕೆಯನ್ನು ಹುಣ್ಣು ಮಾಡಿಕೊಂಡಿತ್ತು. ಆಸ್ಪತ್ರೆಯಲ್ಲಿ ನಾಯಿಯ ಪುಡಿ ಮುಗಿದಿತ್ತು. ತಿಪಟೂರಿನಿಂದ ಬರಲು ಐದು ದಿನ ಬೇಕು. ಕಾಯಲು ಹೇಳಬೇಕಾಗಿತ್ತು. ಬಿಸಿಲಿನಲ್ಲಿ ಎರಡು ಮೈಲಿ ನಡೆದು ಬಂದವಳನ್ನು ಬರಿಗೈಯಲ್ಲಿ ಕಳಿಸಲು ಅವನ ಮನಸ್ಸು ಒಪ್ಪಲಿಲ್ಲ. ಮನೆಯಲ್ಲಿ ತೆಂಗಿನ ಮರಕ್ಕೆ ಹಾಕುವ ಬಿ.ಎಚ್.ಸಿ. ಪುಡಿ ಉಳಿದಿದೆಯೇ ಎಂದು ಕೇಳಿದ. ಡಬ್ಬದಲ್ಲಿ ಅರ್ಧದಷ್ಟಿದೆಯೆಂದಳು. ಅದನ್ನೇ ಒಂದು ಚಿಟಿಕೆ ಹಚ್ಚೆಂದ.

ಅವಳು ತಲೆಯಾಡಿಸಿ, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಆ ನೋಟ ಅವನಿಗೆ ಸಂಜೆಯವರೆಗೂ ಸಾಕಾಯಿತು.

ಅದು ನೂರಕ್ಕೆ ಹತ್ತು ಪಾಲು ವಿಷವಿದ್ದ ಪುಡಿ, ಮರಕ್ಕೆ ಮಾಡಿದ್ದು. ನಾಯಿಗೆ ಬಳಸುವಂಥದ್ದಲ್ಲ. ಹುಣ್ಣಾದ ಚರ್ಮಕ್ಕಂತೂ ತಾಕಲೇ ಕೂಡದು. ಇದಿಷ್ಟು ಅವನಿಗೆ ತಿಳಿದಿತ್ತು. ಆ ಗಳಿಗೆಯಲ್ಲಿ ಹೊಳೆಯದೆ ಹೋದದ್ದು ಇನ್ನೊಂದು. ಆ ಸೀಮೆಯಲ್ಲಿ ಹಚ್ಚುವುದೆಂದರೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವುದು. ಮಗುವಿನ ಕಜ್ಜಿಗಾಗಲಿ, ಎತ್ತಿನ ಹೆಗಲ ಗಾಯಕ್ಕಾಗಲಿ, ಯಾವ ಪುಡಿಯನ್ನೂ ಅಲ್ಲಿ ಯಾರೂ ಎಣ್ಣೆಯಿಲ್ಲದೆ ಹಚ್ಚಿದವರಿಲ್ಲ. ಎಣ್ಣೆ ಆ ವಿಷವನ್ನು ಚರ್ಮದೊಳಕ್ಕೆ ಕೊಂಡೊಯ್ಯುತ್ತದೆ.

ಮರುದಿನ ಬೆಳಿಗ್ಗೆ ಅವಳು ಕೆಂಚನನ್ನು ಗೋಣಿಯಲ್ಲಿ ಸುತ್ತಿ ಎತ್ತಿಕೊಂಡು ಬಂದಳು. ನಾಯಿ ಸೆಟೆದು ಸೆಟೆದು ನಡುಗುತ್ತಿತ್ತು, ಬಾಯಲ್ಲಿ ನೊರೆ. ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಿದ್ದೊಡನೆ ಸಣ್ಣತಿಮ್ಮಯ್ಯನಿಗೆ ಎಲ್ಲವೂ ಅರ್ಥವಾಯಿತು. ಅವಳು ಹಾಲು ಕುಡಿಸಲೇ ಎಂದು ಕೇಳಿದಳು. ಬೇಡ, ಜಿಡ್ಡಿನದೇನೂ ಕೂಡದೆಂದ. ಸೋಪಿನ ನೀರಿನಲ್ಲಿ ಮೂರು ಸಲ ತೊಳೆದ. ಕತ್ತಲೆ ಕೋಣೆಯಲ್ಲಿ ಸದ್ದಿಲ್ಲದಂತೆ ಮಲಗಿಸಿ ತುರುವೇಕೆರೆಗೆ ಆಳು ಕಳಿಸಿದ. ಡಾಕ್ಟರು ಮಧ್ಯಾಹ್ನ ಮೂರಕ್ಕೆ ಬಂದರು. ನಾಯಿ ಎರಡೂವರೆಗೆ ಸತ್ತಿತ್ತು.

ಪುಟ್ಟಗಂಗಮ್ಮ ಅಳಲಿಲ್ಲ. ತನ್ನ ಎರಡು ಅಂಗೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

“ಹೇಳಿರಲಿಲ್ವಾ ನಾನು?” ಎಂದಷ್ಟೇ ಅಂದು ಗೋಣಿಯನ್ನೆತ್ತಿಕೊಂಡು ಹೊರಟಳು.

ಸುಮ್ಮನಿದ್ದರೆ ಅವನ ಕೆಲಸಕ್ಕೂ ಹೆಸರಿಗೂ ಕುಂದಿರಲಿಲ್ಲ. ಡಾಕ್ಟರು ಕೂಡ, ಹಳ್ಳಿಯವರು ಹೀಗೆಯೇ, ಬಿಡಯ್ಯಾ ಎಂದಿದ್ದರು. ಆ ಮಾತನ್ನು ತಿದ್ದದೆ ಬಿಟ್ಟವನು ಅಂದು ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಡಾಕ್ಟರಿಗೆ ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದಿಟ್ಟು, ಎರಡು ಮೈಲಿ ನಡೆದು ಅವಳ ಮನೆಗೆ ಹೋದ.

ಜಗಲಿಯಲ್ಲಿ ಹುಚ್ಚಕ್ಕ ಕೂತಿದ್ದಳು. ನೆರೆಯ ಮಾರಯ್ಯನೂ ಇನ್ನಿಬ್ಬರು ಹಿರಿಯರೂ ಇದ್ದರು. ಪುಟ್ಟಗಂಗಮ್ಮ ಬಾಗಿಲ ಒಳಗೆ ನಿಂತಿದ್ದಳು. ಸಣ್ಣತಿಮ್ಮಯ್ಯ ಕೂರಲಿಲ್ಲ.

“ನಾಯಿ ಸತ್ತಿದ್ದು ನನ್ನಿಂದ. ಮರದ ಮದ್ದು ನಾಯಿಗೆ ಹಾಕಬಾರದು ಅಂತ ಗೊತ್ತಿದ್ದೂ ಹಚ್ಚು ಅಂದೆ. ಎಣ್ಣೇಲಿ ಕಲಸಬೇಡ ಅನ್ನಲಿಲ್ಲ, ಹುಣ್ಣು ನೋಡಿಯೂ ತಡೀಲಿಲ್ಲ. ಆಕೆ ನಾನು ಹೇಳಿದ್ದು ಮಾಡಿದಾಳೆ. ಆಕೆ ಕೈಯದು ಏನೂ ತಪ್ಪಿಲ್ಲ.”

ಮಾರಯ್ಯ ಕೆಮ್ಮಿದ. ಓದಿದವನು ಹೀಗೆ ಮಾಡಬಹುದೇ, ಇನ್ನು ದನ ಹೊಡೆದುಕೊಂಡು ಯಾರು ಬರುತ್ತಾರೆ ಎಂದ. ಬರದಿದ್ದರೆ ಅದು ನ್ಯಾಯವೇ ಎಂದು ಸಣ್ಣತಿಮ್ಮಯ್ಯ ಒಪ್ಪಿಕೊಂಡ.

ಹುಚ್ಚಕ್ಕ ಅವನನ್ನೇ ನೋಡುತ್ತಿದ್ದಳು. ಗಂಡಸೊಬ್ಬ ತಾನಾಗಿ ಬಂದು ತಪ್ಪು ತನ್ನದೆನ್ನುವುದನ್ನು ಆ ಮುದುಕಿ ಎಂದೂ ಕಂಡಿರಲಿಲ್ಲವೇನೋ. ಅವಳ ದವಡೆ ಅಲುಗಿತು.

“ಅವತ್ತು ಮಳೆ ಬಂದಿತ್ತು,” ಎಂದಳು. “ಮರ ಜಾರ್ತಿತ್ತು. ಲಕ್ಕ ನಾಳೆ ಹತ್ತೀನಿ ಕಣವ್ವ ಅಂದ. ನಾನೇ ಇವತ್ತೇ ಹತ್ತು ಕಣ್ಲಾ ಅಂದೆ.”

ಪುಟ್ಟಗಂಗಮ್ಮನ ಮುಖದಲ್ಲಿ ಅಚ್ಚರಿಯಿರಲಿಲ್ಲ. ಅಂದು ಬುತ್ತಿ ಕಟ್ಟುತ್ತಿದ್ದವಳು ಆ ಮಾತನ್ನು ಕೇಳಿಸಿಕೊಂಡಿದ್ದಳು. ಮಗನನ್ನು ಕಳೆದುಕೊಂಡವಳಿಗೆ ಅದನ್ನು ಆಡಿ ತೋರಿಸಲಾರದೆ, ಎಲ್ಲವನ್ನೂ ತನ್ನ ಕೈಗೇ ಹಾಕಿಕೊಂಡಿದ್ದಳು. ಆ ಹೊರೆಯನ್ನು ಹೊತ್ತು ಹೊತ್ತು ಅದು ನಿಜವೆಂದೇ ನಂಬಿದ್ದಳು.

ಅವಳು ಹೊರಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಮುದುಕಿಯ ಬೆನ್ನಿನ ಮೇಲೆ ಕೈಯಿಟ್ಟಳು. ಹುಚ್ಚಕ್ಕ ಆ ಕೈಯನ್ನು ತಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪುಟ್ಟಗಂಗಮ್ಮ ತಲೆಯೆತ್ತಿ, ಹಿರಿಯರೆದುರಿಗೇ, ಅವನ ಕಣ್ಣನ್ನು ನೇರವಾಗಿ ನೋಡಿದಳು.

“ಇವರನ್ನ ಒಬ್ಬರನ್ನೇ ಬುಟ್ಟು ನಾನು ಬರಾಕಿಲ್ಲ.”

ಮಾರಯ್ಯನಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. ಸಣ್ಣತಿಮ್ಮಯ್ಯನಿಗೆ ತಿಳಿಯಿತು. ಅವನ ಕಿವಿಗಳು ಬಿಸಿಯಾದವು.

“ಮನೇಲಿ ಎರಡು ಕೋಣೆ ಇದಾವೆ,” ಎಂದ. “ಒಂದು ಖಾಲಿ ಬಿದ್ದದೆ.”