ಆಯಿಯ ಹೂವು ಹೋದ ದಾರಿ

ಗುಳುಂ!

ಕಂಬಿಗಳ ಸಂದಿಯಿಂದ ಜಾರಿದ ಹಾಲಿನ ಕವರು ಮೋರಿಯೊಳಗೆ ಬಿತ್ತು. ಆಯಿ ಕಣ್ಣು ಮುಚ್ಚಿ ಕೈಮುಗಿದಳು.

ಸ್ಕೂಲ್ ಬ್ಯಾಗ್ ಹೊತ್ತು ಗೇಟಿನ ಬಳಿ ನಿಂತಿದ್ದ ಮೇಘಶ್ರೀ ಓಡಿ ಬಂದಳು.

"ಆಯೀ! ಏನದು ಹಾಕಿದ್ದು?"

"ನಿನ್ನಿ ಪೂಜಿ ಹೂವವ್ವಾ. ಹೂವು, ಪತ್ರಿ. ಲಿಂಗಯ್ಯನ ಮ್ಯಾಲೆ ಕುಂತಿದ್ವು. ಯಾರರೇ ತುಳದಾರು ಅಂತ ಕವರಿನ್ಯಾಗ ಕಟ್ಟಿ ಬಿಟ್ಟೆ."

"ಮೋರಿಗಾ?"

"ಮೋರಿ ಅನಬ್ಯಾಡ. ಮಳಿ ನೀರು ಹರಿಯೋ ಕಾಲಿವಿ ಅದು. ಊರಾಗಿದ್ದಾಗ ಹೊಳಿಗೆ ಬಿಡತಿದ್ದೆ. ಈ ಯಡಿಯೂರಾಗ ಹೊಳಿ ಎಲ್ಲಿಂದ ತರಲಿ?"

ಮೇಘಶ್ರೀಯ ಆಯಿ, ಎಂದರೆ ಅಜ್ಜಿ ಶರಣಮ್ಮ, ಬಾಗಲಕೋಟೆ ಕಡೆಯ ಹಳ್ಳಿಯಿಂದ ಬಂದು ಒಂದು ವರ್ಷವಾಗಿತ್ತು. ಅಪ್ಪನಿಗೆ ಬಿಟಿಎಂ ಲೇಔಟಿನ ಕೊರಿಯರ್ ಆಫೀಸಿನಲ್ಲಿ ಕೆಲಸ. ಮನೆ ಮಾತ್ರ ಯಡಿಯೂರಿನ ಈ ಸಣ್ಣ ರಸ್ತೆಯಲ್ಲಿ.

ಆಯಿ ಹಾಲಿನ ಕವರುಗಳನ್ನು ಎಸೆಯುತ್ತಿರಲಿಲ್ಲ. ಚೆನ್ನಾಗಿ ತೊಳೆದು, ನಲ್ಲಿಯ ಮೇಲೆ ಕವುಚಿ ಒಣಗಿಸುತ್ತಿದ್ದಳು. "ಆಕಳ ಮನಿಯಿಂದ ಬಂದದ್ದು, ಶುದ್ಧ" ಎನ್ನುತ್ತಿದ್ದಳು. ಪೂಜೆಯ ಹೂವನ್ನು ಅದರಲ್ಲಿಟ್ಟು, ಹೂಮಾಲೆಯ ಬಾಳೆನಾರಿನಿಂದ ಬಿಗಿಯಾಗಿ ಬಾಯಿ ಕಟ್ಟುತ್ತಿದ್ದಳು. ಅದೆಲ್ಲಾ ಎಲ್ಲಿಗೆ ಹೋಗುತ್ತದೆಂದು ಮೇಘಶ್ರೀಗೆ ಗೊತ್ತಾದದ್ದು ಇವತ್ತೇ.

ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಯಾಕೆಂದರೆ ಹಿಂದಿನ ದಿನ ಶಾಲೆಗೆ ವಾರಿಜಾ ಮೇಡಂ ಬಂದಿದ್ದರು. ಸಣ್ಣ ಸಣ್ಣ ಊರುಗಳಿಗೆ ಹೋಗಿ, ಮಳೆನೀರು ಕೊಳಕಾಗದಂತೆ ನೋಡಿಕೊಳ್ಳುವುದು ಹೇಗೆಂದು ಪುರಸಭೆಯವರಿಗೂ ಟೀಚರುಗಳಿಗೂ ತರಬೇತಿ ಕೊಡುವುದು ಅವರ ಕೆಲಸ. ಬೋರ್ಡಿನ ಮೇಲೆ ಅವರು ಎರಡು ಗೆರೆ ಎಳೆದಿದ್ದರು.

"ಬಚ್ಚಲ ನೀರಿಗೆ ಒಂದು ಪೈಪು. ಅದು ಕ್ಲೀನ್ ಮಾಡೋ ಜಾಗಕ್ಕೆ ಹೋಗ್ಬೇಕು. ಮಳೆನೀರಿನ ಮೋರಿ ಬೇರೆ. ರೋಡಲ್ಲಿ ಏನಿದ್ಯೋ ಎಲ್ಲಾ ಎತ್ಕೊಂಡು ಸೀದಾ ಕೆರೆಗೆ ಹೋಗತ್ತೆ. ದಾರೀಲಿ ಅದನ್ನ ಯಾರೂ ತೊಳೆಯಲ್ಲ."

"ನಮ್ಮನೆಗೂ ಬರತ್ತೆ ಮೇಡಂ!" ಎಂದಿದ್ದ ರಾಮಪ್ರಸಾದ. ಮೇಘಶ್ರೀಯ ರಸ್ತೆಯಲ್ಲೇ, ತಗ್ಗಿನಲ್ಲಿತ್ತು ಅವನ ಮನೆ. "ಹೋದ್ವಾರ ಮಳೆ ಬಂದಾಗ ಚಪ್ಪಲಿಗಳೆಲ್ಲಾ ನಡುಮನೇಲಿ ಸ್ವಿಮ್ಮಿಂಗ್ ಮಾಡ್ತಿದ್ವು. ನನ್ನ ಸೋಷಿಯಲ್ ಬುಕ್ ನೆಂದೋಯ್ತು. ಭಾರತದ ನದಿಗಳೆಲ್ಲಾ ಒಂದಕ್ಕೊಂದು ಸೇರ್ಕೊಂಡ್ಬಿಟ್ವು!"

ಕ್ಲಾಸೆಲ್ಲಾ ನಕ್ಕಿತ್ತು. ಭಾನುವಾರ ಆ ಸಣ್ಣ ಊರುಗಳ ಜನರೇ ಯಡಿಯೂರಿಗೆ ಬರುತ್ತಾರೆ, ಮೋರಿಯ ಬಾಯಿ ತೆಗೆಸಿ ನೋಡುತ್ತಾರೆ, ಮಕ್ಕಳೇ ಅವರಿಗೆ ವಿವರಿಸಬೇಕು ಎಂದಿದ್ದರು ಮೇಡಂ. ಮೋರಿಯ ಬಾಯಿ ಇರುವುದು ಮೇಘಶ್ರೀ ಮನೆಯ ಮುಂದೆಯೇ. ಹಾಗಾಗಿ ಮಾತಾಡುವವಳೂ ಅವಳೇ ಎಂದಾಗಿತ್ತು.

ರಾಮಪ್ರಸಾದ ಮನೆಗೆ ಹೋಗುವಾಗ ಹೇಳಿದ್ದ. "ಮೋರಿಗೆ ಏನೇನೋ ತುರುಕ್ತಿರೋರು ಯಾರು ಅಂತ ಭಾನುವಾರ ಗೊತ್ತಾಗತ್ತೆ ಗುರು. ಸಿಗ್ಲಿ, ಬಿಡಲ್ಲ ನಾನು!"

ಹೇಳಬೇಕು, ಆಯಿಗೆ ಹೇಳಲೇಬೇಕು ಎಂದುಕೊಂಡೇ ಮೇಘಶ್ರೀ ಶನಿವಾರ ಸಂಜೆ ದೇವರ ಮೂಲೆಗೆ ಹೋದಳು.

ಆಯಿ ಎಡಗೈಯ ಮೇಲೆ ಲಿಂಗವಿಟ್ಟುಕೊಂಡು ಕೂತಿದ್ದಳು. ಬಾಯಲ್ಲಿ ವಚನಗಳು ಒಂದರ ಹಿಂದೊಂದು ಬರುತ್ತಿದ್ದವು, ದಾರದಲ್ಲಿ ಹೂ ಪೋಣಿಸಿದ ಹಾಗೆ. ಮೇಘಶ್ರೀಗೆ ಎಷ್ಟೋ ಪದಗಳ ಅರ್ಥ ಗೊತ್ತಿರಲಿಲ್ಲ. ಆದರೆ ಆ ದನಿ ಕೇಳುತ್ತಿದ್ದರೆ ಮನೆಯೊಳಗೆ ಎಲ್ಲೋ ನೀರು ಹರಿಯುತ್ತಿರುವ ಹಾಗೆ ಅನಿಸುತ್ತಿತ್ತು.

ಪೂಜೆ ಮುಗಿಸಿ ಆಯಿ ಅವಳ ಹಣೆಗೆ ವಿಭೂತಿ ಹಚ್ಚಿದಳು.

"ನಾಳಿ ಅಷ್ಟೊಂದು ಮಂದಿ ಮುಂದ ಮಾತಾಡ್ತೀಯಂತ? ನಾನೂ ಗೇಟಿಗೆ ನಿಂತು ಕೇಳತೀನವ್ವಾ."

ಮೇಘಶ್ರೀ ಬಾಯಿ ತೆರೆದಳು. ಲಿಂಗದ ಮೇಲಿನ ಪತ್ರಿ ಹಸಿರಾಗಿ ಮಿನುಗುತ್ತಿತ್ತು. ಇದನ್ನು ಕಸ ಎಂದು ಹೇಗೆ ಹೇಳುವುದು? ಹೇಳಿದರೆ ಆಯಿಯ ಮುಖ ಹೇಗಾಗಬಹುದು? ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

ಆ ರಾತ್ರಿ ಅವಳಿಗೊಂದು ಕನಸು ಬಿತ್ತು. ಅವಳು ಬೆರಳಿನಷ್ಟು ಚಿಕ್ಕವಳಾಗಿ ಚಪ್ಪಡಿ ಕಲ್ಲುಗಳ ಕೆಳಗೆ, ನೀರಿನ ಮೇಲೆ ತೇಲಿ ಹೋಗುತ್ತಿದ್ದಳು. ಕಂಬಿಗಳ ನಡುವಿಂದ ಬೆಳಕು ಪಟ್ಟೆಪಟ್ಟೆಯಾಗಿ ಬೀಳುತ್ತಿತ್ತು. ಮೇಲೆಲ್ಲೋ ಕುಕ್ಕರ್ ಕೂಗುತ್ತಿತ್ತು, ಸೈಕಲ್ ಬೆಲ್ ಆಗುತ್ತಿತ್ತು, ಯಾರದೋ ರೇಡಿಯೋ ಹಾಡುತ್ತಿತ್ತು. ಒಂದೊಂದು ಮನೆ ದಾಟಿದಾಗಲೂ ಏನೋ ಬಂದು ಜೊತೆಗೂಡುತ್ತಿತ್ತು. ಸೋಪಿನ ನೊರೆ, ಟೀ ಕಪ್ಪು, ಸ್ಕೂಟರಿನಿಂದ ತೊಟ್ಟಿಕ್ಕಿದ ಎಣ್ಣೆಯ ಕಾಮನಬಿಲ್ಲು.

ಆಮೇಲೆ ಮೀನಿನ ಹಾಗೆ ಬಂತು, ಬಾಯಿ ಕಟ್ಟಿದ ಒಂದು ಹಾಲಿನ ಕವರು. ಒಳಗಿಂದ ಹೂಗಳು ಮೆಲ್ಲಗೆ ತಟ್ಟುತ್ತಿದ್ದವು, ಬಾಗಿಲು ತೆಗೆಯಿರಿ ಎನ್ನುವ ಹಾಗೆ.

ಭಾನುವಾರ ಬೆಳಗ್ಗೆ ಮಿನಿ ಬಸ್ಸು ರಸ್ತೆಯ ತುದಿಯಲ್ಲಿ ನಿಂತಿತು. ಕನಕಪುರ, ಮಾಗಡಿ, ಹಿರಿಯೂರು ಕಡೆಯ ಜನ ಇಳಿದರು. ಅವರಲ್ಲಿ ಕೆಂಚವ್ವ ಎಂಬ ದಪ್ಪ ಹೆಂಗಸು ತಮ್ಮೂರಿನ ಪಂಚಾಯಿತಿ ಮೆಂಬರು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಮೋರಿ ನೋಡಿದರು.

"ಇದಕ್ಕೇ ಮೂಗು ಮುಚ್ಕತೀರಾ? ನಮ್ಮೂರ ಮೋರಿ ನೋಡಿದ್ರೆ ನಿಮ್ದು ಮದುವೆ ಮನೆ ಇದ್ದಂಗೈತೆ!"

ಎಲ್ಲರೂ ನಕ್ಕರು. ಗೇಟಿನಲ್ಲಿ ನಿಂತಿದ್ದ ಆಯಿಯೂ ನಕ್ಕಳು. ಮೇಘಶ್ರೀ ಮಾತ್ರ ನಗಲಿಲ್ಲ.

ಇಬ್ಬರು ಕೆಲಸದವರು ಹಾರೆ ಹಾಕಿ ಕಂಬಿಯ ಚೌಕಟ್ಟನ್ನು ಮೀಟಿದರು. ಕೊಕ್ಕೆಯಿಂದ ಎಳೆದಾಗ ಮೊದಲು ಒಂದು ಚಪ್ಪಲಿ ಬಂತು, ಆಮೇಲೆ ಗುಟ್ಕಾ ಪ್ಯಾಕೆಟ್ಟುಗಳು, ತೆಂಗಿನ ಕರಟ. ಅದರ ಹಿಂದೆ ಹಾಲಿನ ಕವರುಗಳು. ಒಂದಲ್ಲ, ಎರಡಲ್ಲ, ಗೊಂಚಲು ಗೊಂಚಲು. ಪ್ರತಿಯೊಂದರ ಬಾಯಿಗೂ ಬಾಳೆನಾರು.

"ನೋಡಿ ಮೇಡಂ!" ರಾಮಪ್ರಸಾದ ಕುಣಿದಾಡಿದ. "ಎಲ್ಲಾದಕ್ಕೂ ಒಂದೇ ಥರ ಗಂಟು! ಒಂದೇ ಪಾರ್ಟಿ ಕೆಲಸ ಇದು!"

ಬಂದವರಲ್ಲೊಬ್ಬರು ಕೇಳಿದರು. "ಯಾರಮ್ಮಾ ಹಿಂಗೆ ಹಾಕೋರು? ನಿಮ್ಮನೆ ಮುಂದೇನೇ ಅಲ್ವಾ, ನಿಂಗೆ ಗೊತ್ತಿರ್ಬೇಕಲ್ಲ?"

ಎಲ್ಲರ ಕಣ್ಣೂ ಮೇಘಶ್ರೀಯ ಮೇಲೆ. ಅವಳು ಗೇಟಿನ ಕಡೆ ನೋಡಲಿಲ್ಲ.

"ನಾನೇ ಹಾಕಿದ್ದು" ಎಂದಳು.

ರಾಮಪ್ರಸಾದನ ಕುಣಿತ ನಿಂತಿತು. "ನೀನಾ? ಸುಮ್ನಿರು, ತಮಾಷೆ ಮಾಡ್ಬೇಡ!"

ಗೇಟಿನ ಚಿಲಕ ಸದ್ದಾಯಿತು. ಆಯಿ ಹೊರಗೆ ಬಂದಳು.

"ಯಾಕವ್ವಾ ಸುಳ್ಳು ಹೇಳತಿ? ಅವು ನನ್ನವರೀ. ನಾನ ಕಟ್ಟಿ ಬಿಟ್ಟದ್ದು. ಕಸ ಅಲ್ಲ ಮತ್ತ, ಪೂಜಿ ಹೂವು."

ರಾಮಪ್ರಸಾದನ ಕಿವಿ ಕೆಂಪಾಯಿತು. ತಾನು ಮೇಘಶ್ರೀ ಮನೆಗೆ ಹೋದಾಗಲೆಲ್ಲಾ ಕರದಂಟು ಕೊಡುವ ಅಜ್ಜಿ ಇವರು. "ನಂಗೆ ಗೊತ್ತಿರ್ಲಿಲ್ಲ ಅಜ್ಜೀ..." ಎಂದು ಗೊಣಗಿ ಕೆಳಗೆ ನೋಡಿದ.

ಕೆಂಚವ್ವ ಗಟ್ಟಿಯಾಗಿ ಉಸಿರು ಬಿಟ್ಟರು.

"ಅಯ್ಯೋ, ನಾನೇನು ಕಮ್ಮಿನಾ? ಇವತ್ತು ಬೆಳಿಗ್ಗೆ ಬಸ್ ಹತ್ತೋಕೆ ಮುಂಚೆ ನಾನೂ ಹಿಂಗೇ ಕವರಲ್ಲಿ ಕಟ್ಟಿ ನಮ್ಮೂರ ಸೇತುವೆಯಿಂದ ಒಗೆದು ಬಂದೀನಿ. ಕೈ ಬೇರೆ ಮುಗಿದು ಬಂದೀನಿ!"

ಈ ಸಲದ ನಗು ಮೆತ್ತಗಿತ್ತು. ಆದರೆ ಆಯಿ ಕವರುಗಳನ್ನೇ ನೋಡುತ್ತಿದ್ದಳು.

"ಹಂಗಾರ ಇವು ಹೋಗೇ ಇಲ್ಲೇನು? ಇಷ್ಟು ದಿನ ಇಲ್ಲೇ ಕುಂತಾವೇನು?"

ಅವಳು ಕೇಳಿದ್ದು ಮೇಡಂ ಅವರನ್ನಲ್ಲ, ಮೇಘಶ್ರೀಯನ್ನು.

"ಹೂಂ ಆಯಿ" ಎಂದಳು ಮೇಘಶ್ರೀ ನಿಧಾನವಾಗಿ. "ನೀರೊಳಗೇ ಇದ್ವು. ಆದ್ರೆ ಕವರ್ ಇತ್ತಲ್ಲ, ಹೂವಿಗೆ ನೀರು ಮುಟ್ಟಲೇ ಇಲ್ಲ. ನೀರಿಗೂ ಮುಂದೆ ಹೋಗಕ್ಕಾಗ್ಲಿಲ್ಲ. ಅದಕ್ಕೇ ರಾಮಪ್ರಸಾದನ ಮನೆಗೆ ನುಗ್ಗಿದ್ದು."

ಆಯಿ ಚಪ್ಪಡಿ ಕಲ್ಲಿನ ಮೇಲೆ ಕೂತಳು. ಒಂದು ಕವರು ಎತ್ತಿ ನಾರು ಬಿಚ್ಚಿದಳು. ಕೆಟ್ಟ ವಾಸನೆ ಗಪ್ಪನೆ ಬಂತು. ಚೆಂಡುಹೂವು ಕಪ್ಪಾಗಿ ಲೋಳೆಯಾಗಿತ್ತು. ಒಂದು ಪತ್ರಿಯ ಮೂರು ಎಲೆ ಮಾತ್ರ ಇನ್ನೂ ಉದುರಿರಲಿಲ್ಲ.

ಮೇಘಶ್ರೀ ಆಯಿಯ ಮುಖ ನೋಡಿದಳು. ನೋಡಲು ಇಷ್ಟು ಹೊತ್ತು ಹೆದರಿದ್ದಳು.

"ಪಾಪ" ಎಂದಳು ಆಯಿ, ಹೂವಿಗೆ. "ಉಸಿರು ಕಟ್ಟೇತಿ ನಿಮಗ."

ಆಮೇಲೆ ಇನ್ನೊಂದು ಕವರಿನ ನಾರು ಬಿಚ್ಚಿದಳು. ವಾರಿಜಾ ಮೇಡಂ ಗ್ಲೌಸ್ ಕೊಡಲು ಬಂದರು. "ದೇವರ ಹೂವಿಗೆ ಎಂಥಾ ಗ್ಲೌಸರೀ" ಎಂದಳು ಆಯಿ. ಮೇಡಂ ಬಿಡಲಿಲ್ಲ. "ದೇವರಿಗಲ್ಲಮ್ಮಾ, ಮೋರಿ ನೀರಿಗೆ" ಎಂದು ತಾವೇ ಹಾಕಿಸಿದರು.

"ಇನ್ನು ಮ್ಯಾಲೆ ಎಲ್ಲಿ ಹಾಕಲಿ?" ಆಯಿ ಕೇಳಿದಳು. "ಕಸದ ಬುಟ್ಟಿಗೆ ಅಂದ್ರ ನಾ ಒಲ್ಲೆ."

"ಗುಂಡಿ ತೋಡಿ, ಒಣಗಿದ ಎಲೆ ಮುಚ್ಚಿದ್ರೆ ಮಣ್ಣಾಗತ್ತೆ" ಎಂದರು ಮೇಡಂ.

"ಮಂದಿ ತುಳದ್ರ?"

"ಸಂಪಿಗೆ ಮರದ ಹಿಂದೆ ಆಯಿ, ನಮ್ಮ ಕಾಂಪೌಂಡ್ ಮೂಲೇಲಿ" ಎಂದಳು ಮೇಘಶ್ರೀ. "ಅಲ್ಲಿ ಬಾಲ್ ಬಿದ್ರೂ ನಾವು ಹೋಗಕ್ಕಾಗಲ್ಲ. ಅಷ್ಟು ಇಕ್ಕಟ್ಟು."

ಆಯಿ ಯೋಚಿಸಿದಳು. "ಅಲ್ಲಿ ನಡೀತದ" ಎಂದಳು.

ಕೆಂಚವ್ವ ಆಗಲೇ ಪಕ್ಕದಲ್ಲಿ ಕೂತು ನಾರು ಬಿಚ್ಚುತ್ತಿದ್ದರು. "ನಿಮ್ಮೂರ ಹೊಳೆ ಯಾವುದವ್ವಾ?" ಎಂದು ಆಯಿಯನ್ನು ಕೇಳುತ್ತಿದ್ದರು. ಮಾಗಡಿಯ ಮೇಷ್ಟ್ರೂ ಕೂತರು. ರಾಮಪ್ರಸಾದ ಖಾಲಿ ಕವರುಗಳನ್ನೆಲ್ಲಾ ಒಂದು ಗೋಣಿಚೀಲಕ್ಕೆ ತುಂಬಿದ. ಮೇಘಶ್ರೀ ಬಾಯಿಪಾಠ ಮಾಡಿದ್ದ ಭಾಷಣವನ್ನು ಯಾರೂ ಕೇಳಲಿಲ್ಲ. ಅವಳಿಗೂ ಅದು ನೆನಪಾಗಲಿಲ್ಲ.

ಕೊನೆಯ ಕವರು ಹೊರಗೆ ತೆಗೆದಾಗ ಮೋರಿಯೊಳಗೆ ನಿಂತಿದ್ದ ನೀರು ಒಮ್ಮೆ ಅಲುಗಿತು. ಮೆಲ್ಲಗೆ ಸರಿಯಿತು. ಆಮೇಲೆ ತನ್ನ ಪಾಡಿಗೆ ಹೊರಟಿತು.

ಆಯಿ ಬಗ್ಗಿ ನೋಡಿದಳು. "ಎಲ್ಲಿಗೆ ಹೊಂಟಿತವ್ವಾ ಇದು?"

"ಕೆರೆಗೆ ಆಯಿ. ಇಲ್ಲೇ, ಹತ್ರಾನೇ."

"ಕೆರಿ ಐತೇನು ಇಲ್ಲಿ?"

ಮೇಘಶ್ರೀ ಆಯಿಯ ಕಡೆ ತಿರುಗಿದಳು. ಒಂದು ವರ್ಷ! ಅಪ್ಪ ಬೆಳಗ್ಗೆ ಆಫೀಸಿಗೆ ಹೋಗುತ್ತಿದ್ದ, ತಾನು ಶಾಲೆಗೆ ಹೋಗುತ್ತಿದ್ದಳು. ಆಯಿ ಗೇಟಿನವರೆಗೆ ಬಂದು, ಕೈಮುಗಿದು, ಒಳಗೆ ಹೋಗುತ್ತಿದ್ದಳು. ನೀರು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ.

"ಬಾ ಆಯಿ" ಎಂದು ಕೈ ಹಿಡಿದಳು.

ಇಬ್ಬರೂ ಮೋರಿಯ ಪಕ್ಕದಲ್ಲೇ ನಡೆದರು. ಆತುರವಿರಲಿಲ್ಲ. ಚಪ್ಪಡಿ ಇಲ್ಲದ ಕಡೆ ಆಯಿ ನಿಂತು ಇಣುಕುತ್ತಿದ್ದಳು, ನೀರು ಜೊತೆಗಿದೆಯೇ ಎಂದು. ಇತ್ತು. ತಿರುವು ದಾಟಿದರು, ಇಸ್ತ್ರಿ ಅಂಗಡಿ ದಾಟಿದರು. ತಣ್ಣನೆಯ ಗಾಳಿ ಬಂತು.

ಮರಗಳ ಆಚೆ ಕೆರೆ ಸುಮ್ಮನೆ ಮಲಗಿತ್ತು. ನಡುವೆ ಒಂದು ಬೆಳ್ಳಕ್ಕಿ ನಿಂತಿತ್ತು. ಮೋಡದ ಬೆಳಕು ನೀರಿನ ಮೇಲೆ ನಿಧಾನವಾಗಿ ಓಡಾಡುತ್ತಿತ್ತು.

ಆಯಿ ನೀರಿನ ಹತ್ತಿರ ಹೋದಳು. ಆಮೇಲೆ, ಗುಡಿಯ ಮುಂದೆ ಮಾಡುವ ಹಾಗೆ, ದಡದಲ್ಲಿ ಚಪ್ಪಲಿ ಬಿಟ್ಟಳು.

ಮೇಘಶ್ರೀ ಆಯಿಯನ್ನು ನೋಡಿದಳು, ನೀರನ್ನು ನೋಡಿದಳು. ತಾನೂ ಚಪ್ಪಲಿ ಬಿಟ್ಟು, ಆಯಿಯ ಪಕ್ಕದಲ್ಲಿ ನಿಂತಳು.