ಬಿದಿರ ಕಮಾನಿನೊಳಗಿನ ಕರೆ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳಾಚೆ ಲಿಸ್ಪಾವತಿ ಎಂಬ ರಾಜ್ಯವಿತ್ತು. ಅಲ್ಲಿ ಕೆಲಸವೆಲ್ಲ ಭೂತಗಳದ್ದು. ಕರೆಯುವ ಕ್ರಮ ಮಾತ್ರ ಕಟ್ಟುನಿಟ್ಟು. ನೆಲಕ್ಕೆ ಎರಡು ಬಿದಿರ ಕಮಾನು ಎದುರುಬದುರು ನೆಡಬೇಕು. ಅವುಗಳ ನಡುವೆ ಮೊದಲ ಜಾಗ ಕೆಲಸಗಾರನಿಗೆ, ಹಿಂದಿನ ಜಾಗ ಸಾಮಾನಿಗೆ. ಕ್ರಮ ತಪ್ಪಿದರೆ ಅರಮನೆ ಬಾಗಿಲ ಕಲ್ಲುಸಿಂಹ ಗರ್ಜಿಸುತ್ತಿತ್ತು.

ಭೂತಗಳನ್ನು ಕರೆಯುವ ಕರೆಗಾರ ಸಿದ್ದೋಜನನ್ನು ಕರಾಳಾಕ್ಷನೆಂಬ ಮಾಯಾವಿ ಕಲ್ಲಾಗಿಸಿದ. ಹೊತ್ತು ಮುಳುಗುವುದರೊಳಗೆ ಜೀವದ ಬುಗ್ಗೆಯ ನೀರನ್ನು ಬಿಸಿಮಾಡಿ ಸುರಿಯದಿದ್ದರೆ ಅವನು ಎಂದೆಂದಿಗೂ ಕಲ್ಲೇ. ಮಗಳು ಹೊನ್ನಾಲೆ ಕಣ್ಣೊರೆಸಿಕೊಂಡು ಅರಮನೆಯೆದುರಿನ ತಮ್ಮ ಮನೆಯ ಅಂಗಳಕ್ಕಿಳಿದಳು. ಕರಾಳಾಕ್ಷ ಗೋಡೆಯ ಮೇಲೆ ಕಾಲಾಡಿಸುತ್ತ ಕೂತ.

ಎರಡು ಕಮಾನು ನೆಟ್ಟು, ಹಿಂದಿನ ಜಾಗದಲ್ಲಿ ಬಿಂದಿಗೆಯಿಟ್ಟು, "ಸೇದಪ್ಪ, ಬಿಂದಿಗೆ!" ಎಂದು ನೀರು ಸೇದುವ ಭೂತವನ್ನು ಅವಳು ಕೂಗಿ ಕರೆದಳು.

"ಅಂಥವರು ಯಾರೂ ಇಲ್ಲ!" ಎಂದು ಸಿಂಹ ಗರ್ಜಿಸಿತು.

"ಒಳಗೆ ಹೋಗಿ ಮುದ್ದೆ ತಿರುವು, ಹೋಗು!" ಎಂದು ಮಾಯಾವಿ ನಕ್ಕ.

ಹೊನ್ನಾಲೆ ಹೋಗಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಏನು ಮಾಡುತ್ತಿದ್ದನೆಂದು ನೆನೆದಳು. ಓಲೆಗರಿ ಬಿಚ್ಚಿ, ಯಾವ ಭೂತ ಯಾವ ಕೆಲಸ ಹೇಗೆ ಮಾಡಬೇಕೆಂದು ಗಟ್ಟಿಯಾಗಿ ಓದುತ್ತಿದ್ದ. ಓದಿದರಷ್ಟೇ ಭೂತ ಹುಟ್ಟುವುದು. ಇವತ್ತು ಓಲೆ ಬಿಚ್ಚಿದವರೇ ಇಲ್ಲ! ಅವಳು ಮೊದಲಿನಿಂದ ಕೊನೆಯವರೆಗೂ ಓದಿ ಕರೆದಳು. ಸೇದಪ್ಪ ಬಂದ, ಬುಗ್ಗೆಯ ನೀರು ತಂದ.

"ಕಾಸಪ್ಪ, ನೀರು!" ಎಂದು ನೀರು ಕಾಸುವ ಭೂತವನ್ನು ಕರೆದಳು.

"ಅಂಥವರು ಯಾರೂ ಇಲ್ಲ!"

ಅಪ್ಪನ ಓಲೆಯಲ್ಲಿ ಕಾಸಪ್ಪನ ಸುದ್ದಿಯೇ ಇರಲಿಲ್ಲ. ಪಕ್ಕದ ಮನೆಯ ದ್ಯಾವಜ್ಜಿ ಜಗಲಿಯಿಂದಲೇ ಹೇಳಿದಳು: "ಅವ ನಮ್ಮೂರೋನಲ್ಲ ಕಣವ್ವ, ಬೆಂಕಿನಾಡೋನು. ಅವನ ಓಲೆ ಅಲ್ಲೇ ಓದ್ತಾರೆ. ಊರ ಹೆಸರು ಮುಂದಿಟ್ಟು ಕರಿ, ಬತ್ತಾನೆ."

"ಬೆಂಕಿನಾಡಿನ ಕಾಸಪ್ಪ, ನೀರು!" ಎಂದಾಗ ಅವನೂ ಬಂದ. ನೀರು ಹಬೆಯಾಡಿತು.

ಸೂರ್ಯ ಬೆಟ್ಟದ ನೆತ್ತಿ ಮುಟ್ಟಿದ್ದ. ಹೊನ್ನಾಲೆ ಅವಸರಪಟ್ಟಳು. ಹೆಚ್ಚು ಕಮಾನಿದ್ದರೆ ಹೆಚ್ಚು ಬಲವೆಂದುಕೊಂಡು ಬಿಂದಿಗೆಯ ಸುತ್ತ ಇನ್ನೊಂದು ಜೋಡಿ ನೆಟ್ಟಳು. "ಸುರಿಯಪ್ಪ, ಬಿಂದಿಗೆ!"

"ಬಿಂದಿಗೆ ಎಂಬ ಕೆಲಸಗಾರ ಯಾರೂ ಇಲ್ಲ!"

ಹೊನ್ನಾಲೆ ಸಿಂಹದ ಮಾತನ್ನೇ ಮತ್ತೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡಳು. ಒಳಗಿನ ಕಮಾನಿನಲ್ಲಿ ಬಿಂದಿಗೆಯೇ ಮೊದಲ ಜಾಗದಲ್ಲಿದೆ! ಬಿಂದಿಗೆ ಪಾಪ, ಅದೇನು ಕೆಲಸ ಮಾಡೀತು? ಹೆಚ್ಚಿನ ಜೋಡಿಯನ್ನು ಎರಡೂ ಕೈಯಿಂದ ಕಿತ್ತೆಸೆದು ಮತ್ತೆ ಕರೆದಳು. ಸುರಿಯಪ್ಪ ಬಂದು ಕಲ್ಲಿನ ನೆತ್ತಿಗೆ ನೀರು ಸುರಿದ. ಸಿದ್ದೋಜ ಕೆಮ್ಮಿದ, ಕಣ್ಣು ಬಿಟ್ಟ. ಮಗಳು ಅಪ್ಪನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು.

ಕರಾಳಾಕ್ಷ ಸಿಟ್ಟಿನಿಂದ ಅವಳ ಮೇಲೆ ಹಾರಿದ. ಹಾರಿದವನು ಬಿದ್ದದ್ದು ಕಮಾನುಗಳ ನಡುವೆ, ಮೊದಲ ಜಾಗಕ್ಕೇ! ಇನ್ನೊಬ್ಬರ ಕೆಲಸ ಕೆಡಿಸುವುದು ಬಿಟ್ಟರೆ ಜನ್ಮದಲ್ಲಿ ಒಂದು ಕೆಲಸವನ್ನೂ ಕಲಿಯದವನು ಅವನು. ಯಾವ ಊರಿನ ಓಲೆಯಲ್ಲೂ ಅವನಿಗೊಂದು ಸಾಲಿರಲಿಲ್ಲ.

"ಅಂಥವರು ಯಾರೂ ಇಲ್ಲ!" ಎಂದು ಸಿಂಹ ಗರ್ಜಿಸಿತು. ಸಿಂಹವೇ ಇಲ್ಲವೆಂದ ಮೇಲೆ ಇರುವುದೆಲ್ಲಿ? ಮಾಯಾವಿ ಹೊಗೆಯಾಗಿ ಹೋದ.

"ನೀನು ಕರೆದಾಗ ಸಿಂಹ ಮೂರು ಸಲ ಗರ್ಜಿಸಿತಂತಲ್ಲ ಮಗಳೇ, ಹೆದರಿಕೆ ಆಗಲಿಲ್ಲವಾ?" ಎಂದು ಅಪ್ಪ ಕೇಳಿದ.

"ಆಯ್ತಪ್ಪ. ಆದರೆ ಅದು ನನ್ನನ್ನು ಬೈತಿರಲಿಲ್ಲ, ಯಾರು ಬಂದಿಲ್ಲ ಅಂತ ಹೇಳ್ತಿತ್ತು."

ಅಂದಿನಿಂದ ಲಿಸ್ಪಾವತಿಯಲ್ಲಿ ಸಿಂಹ ಗರ್ಜಿಸಿದರೆ ಯಾರೂ ಓಡುವುದಿಲ್ಲ. ನಿಂತು ಕೇಳುತ್ತಾರೆ, ಸರಿಪಡಿಸುತ್ತಾರೆ, ಮತ್ತೆ ಕರೆಯುತ್ತಾರೆ. ಅಪ್ಪ ಮಗಳು ದಿನಾ ಬೆಳಿಗ್ಗೆ ಜೊತೆಯಲ್ಲೇ ಓಲೆ ಓದುತ್ತ ನೂರು ಕಾಲ ಸುಖವಾಗಿದ್ದರು.