ಮನೆಯಲ್ಲೇ ತಿಂದ ಹಂದಿಗಳು

ಗೆಣಸಿನ ಬಳ್ಳಿ ಕೊಚ್ಚುತ್ತಿದ್ದ ಚುನ್‌ರೊಂಗ್‌ಳ ಕತ್ತಿ ಥಟ್ಟನೆ ನಿಂತಿತು.

ಗೇಟಿನಾಚೆ ಮೋಟಾರ್‌ಸೈಕಲ್ಲಿನ ಸದ್ದು. ಒಲೆಯ ಮೇಲೆ ಹಂದಿಗಳ ಗಂಜಿ ಕುದಿಯುತ್ತಿತ್ತು. ಮಗಳು ತಾವ್‌ತಾವ್‌ಳ ಒಂದು ಜಡೆ ಹೆಣೆದಾಗಿತ್ತು, ಇನ್ನೊಂದು ಹಾಗೇ ಬಿಚ್ಚಿಕೊಂಡಿತ್ತು. ಇಷ್ಟು ಬೆಳಿಗ್ಗೆ ಯಾರಪ್ಪಾ?

ಕೆಸರು ಮೆತ್ತಿದ ಬೂಟಿನ ಗಂಡಸೊಬ್ಬ ಅಗಳಿಗೆ ಕೈ ಹಾಕಿದ್ದ.

"ಅಲ್ಲೇ ನಿಲ್ಲಿ! ಸುಣ್ಣದ ಗೆರೆ ದಾಟಿದ್ರೆ ಈ ಕತ್ತಿ ನಿಮ್ಮ ಕಾಲ್ಮೇಲೆ!"

ಅವನು ಬೆಚ್ಚಿ ಕೈ ತೆಗೆದ. "ಅಯ್ಯೋ, ನಾನು ಕಳ್ಳ ಅಲ್ಲಮ್ಮಾ! ಯಾನ್ ಶೌಲಿನ್ ಅಂತ. ಜಿಲ್ಲಾ ಅಂಕಿಅಂಶ ಕಚೇರಿಯಿಂದ ಬಂದಿದ್ದೀನಿ. ಹಂದಿ ಎಣಿಸೋಕೆ..."

"ಕಳ್ಳ ಬಂದಿದ್ರೆ ಒಂದು ಹಂದಿ ಹೋಗ್ತಿತ್ತು. ನೀವು ಬಂದ್ರೆ ಎಲ್ಲಾ ಹೋಗುತ್ತೆ! ಪಕ್ಕದ ಜಿಲ್ಲೇಲಿ ಹಂದಿಜ್ವರ ಬಂದಿದೆ. ಮನೆಮನೆ ತಿರುಗಿದ ಆ ಬೂಟಿಗೆ ಏನೇನು ಅಂಟ್ಕೊಂಡಿದೆಯೋ!"

ಅವನು ತನ್ನ ಬೂಟು ನೋಡಿಕೊಂಡ. ಬಗ್ಗಿದ, ಎರಡನ್ನೂ ಕಳಚಿ ಬೇಲಿಯ ಹೊರಗಿಟ್ಟ. ಮಂಜು ಬಿದ್ದ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಕೇಳಿದ, "ಈಗ ಬರ್ಲಾ?"

ತಾವ್‌ತಾವ್ ಕಿಸಕ್ಕನೆ ನಕ್ಕಳು.

ಚುನ್‌ರೊಂಗ್ ಕತ್ತಿ ಕೆಳಗಿಟ್ಟಳು. ಒಳಗೆ ಹೋಗಿ ಗಂಡನ ರಬ್ಬರ್ ಬೂಟು ತಂದು ಅವನ ಮುಂದೆ ಎಸೆದಳು. ದಕ್ಷಿಣದ ಊರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ ಗಂಡನ ಬೂಟು ಅದು. ಅದನ್ನು ಯಾರೂ ಮುಟ್ಟಿರಲಿಲ್ಲ.

ಯಾಕೆ ಕೊಟ್ಟೆ? ಅವಳಿಗೇ ಗೊತ್ತಾಗಲಿಲ್ಲ...

ಅವನು ದೊಡ್ಡಿಯ ಮುಂದೆ ನಿಂತು ಬಾಯಲ್ಲೇ ಎಣಿಸಿದ. ತಾಯಿಹಂದಿ ಗುಟುರು ಹಾಕಿತು.

"ಊರಲ್ಲಿ ಇಷ್ಟು ಮನೆ ಇವೆ. ನನ್ನದೇ ಯಾಕೆ?" ಎಂದು ಕೇಳಿದಳು.

"ನಿಮ್ಮದು ಮಾದರಿ ಮನೆ. ಎಲ್ಲರ ಮನೆಗೂ ಹೋಗಿ ಎಣಿಸೋಕಾಗಲ್ಲ. ಹಾಗಾಗಿ ನಿಮ್ಮ ಒಂದು ಹಂದಿ ಅಂದ್ರೆ ಜಿಲ್ಲೆಯ ನೂರಾರು ಹಂದಿ ಇದ್ದ ಲೆಕ್ಕ."

"ಅಂದ್ರೆ ನನ್ನ ಹಂದಿ ಸೀನಿದ್ರೆ ಇಡೀ ಜಿಲ್ಲೆಗೆ ನೆಗಡಿ!"

"ಲೆಕ್ಕದಲ್ಲಿ ಹೌದು." ಅವನು ನಗಲಿಲ್ಲ, ಆದರೆ ಕಣ್ಣು ನಕ್ಕಿತು. "ಕಳೆದ ಸಲ ಇದ್ದದ್ದು, ಹುಟ್ಟಿದ್ದು, ಕೊಂಡದ್ದು ಕೂಡಿಸ್ಬೇಕು. ಮಾರಿದ್ದು, ಕೊಯ್ದದ್ದು, ಸತ್ತದ್ದು ಕಳೀಬೇಕು. ಮಿಕ್ಕಿದ್ದು ಈ ದೊಡ್ಡೀಲಿ ನಿಂತಿರೋದಕ್ಕೆ ಸರಿಹೋಗ್ಬೇಕು."

"ಹೋಗದಿದ್ರೆ?"

"ಯಾರೋ ಸುಳ್ಳು ಹೇಳಿದ್ದಾರೆ ಅಂತ. ಇಲ್ಲಾ, ನಾನು ನಿದ್ದೆ ಮಾಡಿದ್ದೀನಿ ಅಂತ."

ಅವಳು ನಕ್ಕುಬಿಟ್ಟಳು! ಗಂಡ ಹೋದಮೇಲೆ ಈ ಅಂಗಳದಲ್ಲಿ ಅವಳ ನಗು ಕೇಳಿದ್ದು ಅದೇ ಮೊದಲು.

ಆಮೇಲೆ ಅವನು ಮೂರು ತಿಂಗಳಿಗೊಮ್ಮೆ ಬರಬೇಕಾದವನು ತಿಂಗಳಿಗೊಮ್ಮೆ ಬರತೊಡಗಿದ. ಪಕ್ಕದ ಮನೆಯ ಲುವೊ ಅಕ್ಕ ಬೇಲಿಯ ಮೇಲಿಂದ ಕುತ್ತಿಗೆ ಚಾಚುತ್ತಿದ್ದಳು.

"ಏನ್ ಚುನ್‌ರೊಂಗ್, ನಿನ್ನ ಹಂದಿಗಳು ದಿನಾ ಮರಿ ಹಾಕ್ತಾವಾ? ಎಣಿಸೋರು ಇಲ್ಲೇ ಬಿಡಾರ ಹೂಡಿದ್ದಾರಲ್ಲ!"

"ನಿಮ್ಮನೇಲೂ ಎಣಿಸೋಕೆ ಹೇಳ್ಲಾ ಅಕ್ಕಾ?"

"ನಮ್ಮನೇಲಿ ಎಣಿಸೋಕೆ ನಮ್ಮ ಯಜಮಾನ್ರ ಹಲ್ಲು ಬಿಟ್ರೆ ಇನ್ನೇನಿದೆ!"

ತಾಯಿಹಂದಿ ಮರಿ ಹಾಕಿದ ದಿನ ಅವನು ಅಲ್ಲೇ ಇದ್ದ. ಕೊನೆಯದಾಗಿ ಹುಟ್ಟಿದ ಮರಿ ಉಸಿರಾಡಲಿಲ್ಲ. ಅವನು ಅದನ್ನು ಅಂಗಿಯೊಳಗೆ ಸೇರಿಸಿಕೊಂಡು ತಿಕ್ಕಿ ತಿಕ್ಕಿ ಕೂಗಿಸಿದ.

"ಕಡಲೇಕಾಯಿ ಗಾತ್ರ ಇದ್ದಾನೆ!" ಎಂದಳು ತಾವ್‌ತಾವ್. ಅವತ್ತಿನಿಂದ ಆ ಮರಿಯ ಹೆಸರು ಕಡಲೆ. ಶಾಲೆಯಿಂದ ಬಂದವಳು ಮೊದಲು ಕಡಲೆಯ ಕಿವಿ ಮುಟ್ಟಬೇಕು, ಆಮೇಲೆ ಅಮ್ಮನ ಮುಖ ನೋಡಬೇಕು.

ಚುನ್‌ರೊಂಗ್ ಅಡುಗೆಮನೆಯ ಕಿಟಕಿಯಿಂದ ಮಗಳನ್ನೂ ಶೌಲಿನ್‌ನನ್ನೂ ನೋಡುತ್ತಿದ್ದಳು. 'ಇವನು ಇವತ್ತು ಊಟಕ್ಕೆ ನಿಲ್ಲಲಿ' ಎಂದು ಮನಸ್ಸು ಹೇಳುತ್ತಿತ್ತು. 'ನಾಚಿಕೆ ಇಲ್ಲವೇನೇ ನಿನಗೆ!' ಎಂದು ಅದೇ ಮನಸ್ಸು ಗದರುತ್ತಿತ್ತು.

ಚಳಿ ಬಂತು. ಹೊಸವರ್ಷ ಹತ್ತಿರವಾಯಿತು. ಸಿಚುವಾನಿನ ಆ ಬೆಟ್ಟದ ಊರುಗಳಲ್ಲಿ ಹಬ್ಬಕ್ಕೆ ಮೊದಲು ಮನೆಗೊಂದು ಹಂದಿ ಕೊಯ್ದು, ನೆರೆಹೊರೆಗೆಲ್ಲ ಬಿಸಿ ಸಾರಿನ ಊಟ ಹಾಕಿ, ಮಿಕ್ಕ ಮಾಂಸವನ್ನು ಒಲೆಯ ಮೇಲೆ ಹೊಗೆಗೆ ನೇತು ಹಾಕುತ್ತಾರೆ. ಅದಕ್ಕೆ ಕಸಾಯಿಖಾನೆಯ ಮುದ್ರೆ ಇಲ್ಲ, ರಸೀದಿ ಇಲ್ಲ. ಲೆಕ್ಕದಲ್ಲಿ ಅದಕ್ಕೊಂದು ಬೇರೆ ಕಾಲಂ. 'ಮನೆಯಲ್ಲೇ ತಿಂದದ್ದು.'

ಆ ವರ್ಷ ಅವಳು ಹಂದಿ ಕೊಯ್ಯಲಿಲ್ಲ. ಕೊಯ್ಯುವ ಮೊದಲೇ ಜ್ವರ ಬಂತು.

ತಾಯಿಹಂದಿ ಗಂಜಿ ಮುಟ್ಟಲಿಲ್ಲ. ಮಾರನೇ ದಿನ ಅದರ ಕಿವಿ ನೇರಳೆ ಬಣ್ಣಕ್ಕೆ ತಿರುಗಿತು. ಆಮೇಲೆ ಒಂದರ ಹಿಂದೆ ಒಂದು... ಪಶುವೈದ್ಯರಿಗೆ ಫೋನ್ ಮಾಡಿದರೆ ಆ ಕಡೆಯ ದನಿ ಪಿಸುಗುಟ್ಟಿತು, "ಹಬ್ಬದ ಹೊತ್ತು. ಗದ್ದಲ ಮಾಡ್ಬೇಡಿ. ಸುಣ್ಣ ಹಾಕಿ ಹೂತುಬಿಡಿ."

ಮಗಳು ಶಾಲೆಗೆ ಹೋದಮೇಲೆ ಅವಳೊಬ್ಬಳೇ ಬಿದಿರಮೆಳೆಯ ಹಿಂದೆ ಗುಂಡಿ ತೋಡಿದಳು. ಅಂಗೈ ಒಡೆದು ಗುದ್ದಲಿಯ ಹಿಡಿ ಜಾರುತ್ತಿತ್ತು. ಎಲ್ಲಕ್ಕಿಂತ ಮೇಲೆ ಕಡಲೆಯನ್ನು ಮಲಗಿಸಿದಳು.

ಆ ಸಂಜೆ ಮನೆಯಲ್ಲಿ ಬೇರೇನೂ ಇರಲಿಲ್ಲ. ಹೋದ ವರ್ಷದ ಹೊಗೆ ಮಾಂಸದ ಕೊನೆಯ ತುಂಡನ್ನೇ ಬೆಳ್ಳುಳ್ಳಿ ಎಲೆ ಹಾಕಿ ಹುರಿದಳು. ಹಸಿದು ಬಂದಿದ್ದ ತಾವ್‌ತಾವ್ ಎರಡೆರಡು ಸಲ ಬಡಿಸಿಕೊಂಡು ತಿಂದಳು. ಆಮೇಲೆ ದೊಡ್ಡಿಗೆ ಓಡಿದಳು.

ತಿರುಗಿ ಬಂದವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಮ್ಮಾ, ದೊಡ್ಡಿ ಖಾಲಿ..."

"ಹೋದವು ಮಗಳೇ," ಎಂದಳು ಚುನ್‌ರೊಂಗ್. "ದೂರ ಹೋದವು. ಓದ್ಕೋ ಹೋಗು."

ಮಗು ಮತ್ತೆ ಕೇಳಲಿಲ್ಲ. ಅಮ್ಮ 'ದೂರ' ಅಂದರೆ ಮುಂದೆ ಕೇಳಬಾರದು ಎಂದು ಅವಳಿಗೆ ಗೊತ್ತಿತ್ತು. ಅಪ್ಪನೂ ದೂರವೇ ಹೋಗಿದ್ದ.

ಶೌಲಿನ್ ಬಂದಾಗ ಚುನ್‌ರೊಂಗ್ ಗೇಟಿನ ಬಳಿಯೇ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಅವನು ಪಕ್ಕದಲ್ಲಿ ಕುಳಿತ. ಬೊಬ್ಬೆ ಎದ್ದ ಅವಳ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ.

"ಸತ್ತವು ಅಂತಲೇ ಬರೀತೀನಿ. ಇದ್ದದ್ದು ಇದ್ದ ಹಾಗೆ," ಎಂದ.

ಆ ಕೈಯನ್ನು ಅವಳು ಬಿಡಿಸಿಕೊಳ್ಳಲಿಲ್ಲ. ನಂಬಿದಳು. ಅಷ್ಟು ಪೂರ್ತಿಯಾಗಿ ನಂಬಿದಳು!

ಹಬ್ಬ ಕಳೆದಮೇಲೆ ಹಂದಿ ಸಾಕುವ ಮನೆಗಳ ವರ್ಷದ ಲೆಕ್ಕವನ್ನು ಗ್ರಾಮ ಕಚೇರಿಯ ಗೋಡೆಗೆ ಅಂಟಿಸಿದರು. ಚುನ್‌ರೊಂಗ್‌ಳ ಸಾಲಿನಲ್ಲಿ, 'ಸತ್ತದ್ದು' ಸೊನ್ನೆ. ಅಷ್ಟೂ ಹಂದಿ 'ಮನೆಯಲ್ಲೇ ತಿಂದದ್ದು.'

"ಅಷ್ಟನ್ನೂ ತಿಂದ್ರಾ?" ಲುವೊ ಅಕ್ಕನ ದನಿಯಲ್ಲಿ ಈ ಸಲ ತಮಾಷೆ ಇರಲಿಲ್ಲ. "ನೀನೂ ನಿನ್ನ ಮಗಳೂ ಇಬ್ಬರೇ? ನಮಗೆ ಒಂದು ಬಟ್ಟಲು ಸಾರಿಗೂ ಕರೀಲಿಲ್ಲ. ರೋಗದ ಮಾಂಸ ಯಾರಿಗೆ ಮಾರಿದೆ, ಹೇಳು!"

ಚುನ್‌ರೊಂಗ್ ಮನೆಗೆ ಬಂದು ಗೇಟಿನ ಅಗಳಿ ಹಾಕಿದಳು.

ಶೌಲಿನ್ ಓಡಿ ಬಂದ. ಅವಳು ಗೇಟು ತೆರೆಯಲಿಲ್ಲ.

"ನಿಮ್ಮ ಕೈಯೇ ಬರೆದದ್ದಾ?"

"...ಹೌದು."

"ಕೆಲಸ ಉಳಿಸ್ಕೊಳ್ಳೋಕಾ?"

"ಚುನ್‌ರೊಂಗ್, ನಿಮ್ಮ ಮನೇಲಿ ಸತ್ತವು ಅಂತ ಬರೆದ್ರೆ ಊರಿನ ಹಂದಿಗಳನ್ನೆಲ್ಲ ಹಬ್ಬದ ಮುಂದೆ ಕೊಂದು ಹೂಳ್ತಿದ್ರು. ಊರು ನಿಮ್ಮನ್ನ ಬಿಡ್ತಿರ್ಲಿಲ್ಲ..."

"ಕೆಲಸ ಉಳಿಸ್ಕೊಳ್ಳೋಕಾ ಅಂತ ಕೇಳ್ದೆ!"

"ಎರಡಕ್ಕೂ."

"ಇನ್ನು ಈ ಅಂಗಳಕ್ಕೆ ಕಾಲಿಡಬೇಡಿ."

ಊರಿನವರು ಅವಳ ಕೈಯ ನೀರನ್ನೂ ಕುಡಿಯದಾದರು. ಶಾಲೆಯಲ್ಲಿ ತಾವ್‌ತಾವ್‌ಳ ಪಕ್ಕ ಊಟಕ್ಕೆ ಯಾರೂ ಕೂರಲಿಲ್ಲ. "ಜ್ವರದ ಹಂದಿ ತಿಂದವಳು!" ಎಂದು ಮಕ್ಕಳು ಮೂಗು ಮುಚ್ಚಿಕೊಂಡರು. ಕಡಲೆಯ ಮೇಲೆ ಪ್ರಾಣ ಇಟ್ಟಿದ್ದ ಮಗು ಮಾಂಸ ಬಿಟ್ಟಿತು. ಮೊಟ್ಟೆ ಬಿಟ್ಟಿತು. ಕೆನ್ನೆ ಇಳಿಯಿತು.

"ಏನಾಗಿದೆ ಚಿನ್ನಾ?" ಎಂದರೆ, "ಹಸಿವಿಲ್ಲ ಅಮ್ಮಾ." ಅಷ್ಟೇ.

ಜ್ವರ ಅಲ್ಲಿಗೇ ನಿಲ್ಲಲಿಲ್ಲ. ಯಾರ ಲೆಕ್ಕದಲ್ಲೂ ಸಾವು ಇರಲಿಲ್ಲವಾದ್ದರಿಂದ ಹಂದಿ ಲಾರಿಗಳು ಊರೂರು ಓಡಾಡುತ್ತಲೇ ಇದ್ದವು. ವಸಂತ ಬರುವಷ್ಟರಲ್ಲಿ ಕಣಿವೆಯುದ್ದಕ್ಕೂ ದೊಡ್ಡಿಗಳು ಮೌನವಾದವು. ಲುವೊ ಅಕ್ಕನ ಒಂದೇ ಒಂದು ಹಂದಿಯೂ ಹೋಯಿತು. ಅವಳ ಅಳು ಬೇಲಿ ದಾಟಿ ಬಂದ ದಿನ ಚುನ್‌ರೊಂಗ್ ಗುದ್ದಲಿ ಹಿಡಿದು ಆ ಕಡೆ ಹೋದಳು. ಇಬ್ಬರೂ ಸೇರಿ ಗುಂಡಿ ತೋಡಿದರು.

"ನಿನ್ನವೂ ಹೀಗೇ...?" ಲುವೊ ಅಕ್ಕ ಕೇಳಿದಳು.

"ಹೀಗೇ ಅಕ್ಕಾ."

ಲುವೊ ಅಕ್ಕ ಮಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

ಜೋಳ ಒಣಗಿಸುವ ಕಾಲಕ್ಕೆ, ಒಂದು ರಜೆಯ ದಿನ, ಶೌಲಿನ್ ಮತ್ತೆ ಬಂದ. ಗೇಟಿನಾಚೆಯೇ ನಿಂತ. ಬಿಳಿ ಔಷಧಿಯ ಕಲೆಗಳು ಅವನ ತೋಳಿನ ತುಂಬ. ಮನುಷ್ಯ ಅರ್ಧ ಆಗಿದ್ದ.

"ಮತ್ತೆ ಎಣಿಸೋಕೆ ಬಂದ್ರಾ ಯಾನ್ ಸಾಹೇಬ್ರೇ? ಖಾಲಿ ದೊಡ್ಡೀನ?"

"ಎಣಿಸೋ ಕೆಲಸ ಹೋಯ್ತು. ಈಗ ರಸ್ತೇಲಿ ಲಾರಿ ಚಕ್ರಕ್ಕೆ ಔಷಧಿ ಹೊಡೀತೀನಿ."

"ಯಾಕೆ?"

"ನಿಮ್ಮ ಮನೆ ಒಂದೇ ಅಲ್ಲ ಚುನ್‌ರೊಂಗ್. ಎಲ್ಲಾ ಮಾದರಿ ಮನೆಗಳಲ್ಲೂ ನಮ್ಮ ಕಚೇರಿಯವರು ಹಾಗೇ ಬರೆಸಿದ್ರು. ಲೆಕ್ಕ ಸರಿಹೋಗದ್ದನ್ನೆಲ್ಲ ಹಬ್ಬದ ಹಂದಿ ಅಂತ ತುರುಕಿದ್ರು. ಒಟ್ಟು ಮಾಡಿದಾಗ, ಜಿಲ್ಲೇಲಿ ತೊಟ್ಟಿಲ ಕೂಸೂ ಒಂದೊಂದು ಹಂದಿ ತಿಂದಷ್ಟಾಯ್ತು! ನಿಮ್ಮ ಜನರ ಹೊಟ್ಟೆ ಎಷ್ಟು ದೊಡ್ಡದು ಅಂತ ಮೇಲಿನವರು ಕೇಳಿದ್ರು. ಎಲ್ಲರೂ ಸುಮ್ಮನಿದ್ರು. ನಾನು ಎದ್ದು ನಿಂತು ಹೇಳ್ದೆ. ಅವು ಸತ್ತದ್ದು, ತಿಂದದ್ದು ಅಂತ ಬರೆದವರಲ್ಲಿ ನಾನೂ ಒಬ್ಬ ಅಂತ."

ಚುನ್‌ರೊಂಗ್ ಕೈಯಲ್ಲಿದ್ದ ಜೋಳದ ತೆನೆ ಕೆಳಗಿಟ್ಟಳು.

"ಹಳೇ ವರ್ಷದ ಅಂಕಿ ತಿದ್ದಿದ್ದಾರೆ," ಅವನು ಮೆಲ್ಲಗೆ ಅಂದ. "ಒಟ್ಟು ಅಂಕಿ ಮಾತ್ರ. ಮನೆಮನೆ ಹೆಸರು ಹಾಕಿ ಯಾರೂ ತಿದ್ದಲ್ಲ..."

"ಮೇಲೆ ತಿದ್ದಿದ್ರೆ ಏನು ಬಂತು ಶೌಲಿನ್?" ಎಂದಳು. ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದಳು. "ನನ್ನ ಮಗಳು ತುತ್ತು ನುಂಗ್ತಿಲ್ಲ. ಅವಳ ಹೊಟ್ಟೇಲಿ ಬರೆದಿರೋದನ್ನ ಯಾರು ತಿದ್ತಾರೆ?"

ಹೇಳಿದ ಮೇಲೆ ಆ ಮಾತು ಅವಳನ್ನೇ ಚುಚ್ಚಿತು.

'ಹೋದವು, ದೂರ ಹೋದವು ಅಂದವಳು ಯಾರು? ಅವರಪ್ಪನ ವಿಷಯದಲ್ಲೂ ಹಾಗೇ ಅಂದವಳು ಯಾರು? ಸಾವು ಅನ್ನೋ ಕಾಲಂನಲ್ಲಿ ಸೊನ್ನೆ ಬರೆದವನು ಇವನೊಬ್ಬನೇನಾ?'

ಅವಳು ಅಗಳಿ ತೆಗೆದಳು.

ಶೌಲಿನ್ ಕಾಲು ಎತ್ತಲಿಲ್ಲ. "ನಾನು ಕ್ಷಮೆ ಕೇಳೋಕೆ ಬಂದಿಲ್ಲ. ಅದಕ್ಕೆ ಯೋಗ್ಯತೆ ಇಲ್ಲ. ಆದ್ರೆ ಒಂದು ಮಾತು ಹೇಳದೆ ಇದ್ರೆ ಇನ್ನೊಂದು ಸುಳ್ಳಾಗುತ್ತೆ. ನಾನು ತಿಂಗಳಿಗೊಮ್ಮೆ ಬರ್ತಿದ್ದದ್ದು ಹಂದಿ ಎಣಿಸೋಕಲ್ಲ. ನಿಮ್ಮನ್ನ ನೋಡೋಕೆ. ನಿಮ್ಮಿಬ್ಬರನ್ನೂ..."

"ಗೊತ್ತು."

"ಗೊತ್ತಿತ್ತಾ?!"

"ಹಂದಿ ಎಣಿಸೋರು ಯಾರಾದ್ರೂ ಅಡುಗೆಮನೆ ಕಿಟಕಿ ನೋಡ್ತಾ ಎಣಿಸ್ತಾರಾ?" ಅವಳು ಕಣ್ಣೀರು ಒರೆಸಿಕೊಂಡಳು. "ಪ್ರತಿಸಲ ಒಂದು ಮರೀನ ಬಿಟ್ಟೇ ಎಣಿಸ್ತಿದ್ರಿ. ನಾನೇ ಸರಿಮಾಡ್ತಿದ್ದೆ."

ಅವನು ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಆ ಕೈಯನ್ನು ಮೆಲ್ಲಗೆ ತೆಗೆದು ಹಿಡಿದುಕೊಂಡಳು.

"ನನಗೂ ನಿಮ್ಮ ಮೇಲೆ ಮನಸ್ಸಿದೆ. ಸಿಟ್ಟೂ ಇದೆ, ಅದು ಬೇಗ ಹೋಗಲ್ಲ. ಎರಡನ್ನೂ ತಾಳ್ಕೊಂಡು ಇರ್ತೀರಾ?"

"ಇರ್ತೀನಿ."

"ಹಾಗಾದ್ರೆ ಬನ್ನಿ. ಮೊದಲು ಅವಳ ಹತ್ರ. ಅವಳು ಏನು ಕೇಳಿದ್ರೂ ಇಬ್ಬರೂ ಇದ್ದದ್ದು ಇದ್ದ ಹಾಗೇ ಹೇಳೋಣ."

ತಾವ್‌ತಾವ್ ಜಗಲಿಯಲ್ಲಿ ಕುಳಿತಿದ್ದಳು. ಮುಂದಿನ ಬಟ್ಟಲಿನ ಅನ್ನ ಆರಿ ಗಟ್ಟಿಯಾಗಿತ್ತು. ಅವನನ್ನು ಕಂಡು ಎದ್ದಳು, ಓಡಿ ಬರಲಿಲ್ಲ.

ಶೌಲಿನ್ ಅವಳೆದುರು ನೆಲದ ಮೇಲೆ ಕುಳಿತ. ಚುನ್‌ರೊಂಗ್ ಅವನ ಪಕ್ಕದಲ್ಲೇ ಕುಳಿತು ಮಗಳ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು. ಎಷ್ಟು ತಣ್ಣಗಿತ್ತು ಆ ಪುಟ್ಟ ಪಾದ!

"ಚಿನ್ನಾ, ನಮ್ಮ ಹಂದಿಗಳು ದೂರ ಹೋಗ್ಲಿಲ್ಲ," ಎಂದಳು. "ಅಮ್ಮ ಸುಳ್ಳು ಹೇಳಿದ್ಲು. ನೀನು ಏನು ಬೇಕಾದ್ರೂ ಕೇಳು. ಇವತ್ತು ಯಾರೂ ಬೈಯಲ್ಲ."

ಮಗು ಅಮ್ಮನ ಮುಖ ನೋಡಿತು. ಅವನ ಮುಖ ನೋಡಿತು.

"ಯಾನ್ ಮಾಮಾ... ದೊಡ್ಡಿ ಖಾಲಿ ಆದ ಸಂಜೆ ನಾನು ಮಾಂಸ ಎರಡು ಸಲ ಹಾಕಿಸ್ಕೊಂಡು ತಿಂದ್ನಲ್ಲ... ಅದು ಕಡಲೆನಾ?"